ವಾಷಿಂಗ್ಟನ್‌ಗೆ ಕೆಲಸ ಕೇಳಿ ಪತ್ರ ಬರೆದವರು

ಪ್ರಶ್ನೆ: ಅಮೆರಿಕದಲ್ಲಿ ಹೊಸ ಸರ್ಕಾರ ಬಂದಾಗ ಹೆಸರಾಂತ ವಕೀಲರು, ಸೇನಾಧಿಕಾರಿಗಳು, ಕಾಲೇಜು ಓದಿದವರು ಸರ್ಕಾರಿ ಹುದ್ದೆ ಕೊಡಿ ಎಂದು ಜಾರ್ಜ್ ವಾಷಿಂಗ್ಟನ್‌ಗೆ ಒಂದೇ ಸಮನೆ ಪತ್ರ ಬರೆದರು ಎಂದು ಓದಿದೆ. ಇದು ನಮ್ಮಲ್ಲಿ ವಶೀಲಿ ಹಚ್ಚುವ ಹಾಗೇ ಅಲ್ವಾ? ಅಷ್ಟು ಓದಿದವರಿಗೆ ಕೇಳಲು ಸಂಕೋಚ ಆಗಲಿಲ್ಲವೇ? ಬರೆದವರಿಗೆ ಕೆಲಸ ಸಿಗುತ್ತಿತ್ತೇ? (ಇತಿಹಾಸ ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸಂಕೋಚ ಆಗುತ್ತಿತ್ತು. ಎಷ್ಟು ಆಗುತ್ತಿತ್ತು ಅನ್ನುವುದು ಆ ಪತ್ರಗಳ ಒಂದೊಂದು ಸಾಲಿನಲ್ಲೂ ಕಾಣುತ್ತದೆ. ಆದರೂ ಬರೆದರು. ಯಾಕೆಂದರೆ ಬರೆಯದೆ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ವಶೀಲಿ ಎಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಅದರಲ್ಲಿ ವಶೀಲಿಯೂ ಇತ್ತು, ನಿಜ. ಆದರೆ ಒಬ್ಬ ಮನುಷ್ಯ ಎಂಥವನು ಎಂದು ತಿಳಿಯಲು ಆ ಸರ್ಕಾರದ ಕೈಯಲ್ಲಿ ಇದ್ದ ಸಾಧನವೂ ಈ ಪತ್ರಗಳೇ.

1789ರ ಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಏಪ್ರಿಲ್ 30ರಂದು ವಾಷಿಂಗ್ಟನ್ ನ್ಯೂಯಾರ್ಕಿನಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಪತ್ರಗಳು ಅದಕ್ಕೂ ಮೊದಲೇ, ಅವರು ಇನ್ನೂ ಮೌಂಟ್ ವರ್ನನ್‌ನ ತಮ್ಮ ಮನೆಯಲ್ಲಿ ಇದ್ದಾಗಲೇ ಬರತೊಡಗಿದ್ದವು. ವಿಶೇಷ ಏನೆಂದರೆ, ಆಗ ಆ ಹುದ್ದೆಗಳೇ ಹುಟ್ಟಿರಲಿಲ್ಲ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು ಎಂದಷ್ಟೇ ಸಂವಿಧಾನ ಹೇಳಿತ್ತು. ಯಾವ ಇಲಾಖೆ, ಎಷ್ಟು ಜನ, ಎಷ್ಟು ಸಂಬಳ ಎನ್ನುವುದನ್ನೆಲ್ಲ ಆ ವರ್ಷದ ಬೇಸಿಗೆಯಿಂದ ಸೆಪ್ಟೆಂಬರ್ ತನಕ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಂದೊಂದಾಗಿ ಕಾನೂನು ಮಾಡಿ ತೀರ್ಮಾನಿಸಿತು. ಪರೀಕ್ಷೆ ಇಲ್ಲ, ಆಯೋಗ ಇಲ್ಲ, ಜಾಹೀರಾತು ಇಲ್ಲ, ಸೇವಾ ಪುಸ್ತಕ ಇಲ್ಲ. 13 ರಾಜ್ಯಗಳಿಗೆ ಹರಡಿದ ದೇಶ. ರಸ್ತೆ ಕೆಟ್ಟದ್ದು. 1790ರಲ್ಲಿ ದೇಶಕ್ಕೆಲ್ಲ ಸೇರಿ ಇದ್ದದ್ದು 75 ಅಂಚೆ ಕಚೇರಿ. ಜಾರ್ಜಿಯಾದ ಒಂದು ಬಂದರಿಗೆ ಯಾರನ್ನು ನೇಮಿಸುವುದು ಎಂದು ನ್ಯೂಯಾರ್ಕಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಯಾರಾದರೂ ಬರೆದು ತಿಳಿಸಬೇಕು, ಅಷ್ಟೇ.

ಜಾಸ್ತಿ ಜನ ಕೇಳಿದ್ದು ಮಂತ್ರಿಗಿರಿಯನ್ನಲ್ಲ, ಸುಂಕದ ಇಲಾಖೆಯ ಕೆಲಸವನ್ನು. ಹೊಸ ಸರ್ಕಾರಕ್ಕೆ ದುಡ್ಡು ಬರುವ ಮುಖ್ಯ ಬಾಗಿಲು ಬಂದರುಗಳೇ. ಆಮದು ಸುಂಕದ ಕಾನೂನಿಗೆ 1789ರ ಜುಲೈ 4ರಂದು ಸಹಿ ಬಿತ್ತು. ಸುಂಕ ವಸೂಲಿಗೆ ಜನ ನೇಮಿಸುವ ಕಾನೂನು ಜುಲೈ 31ಕ್ಕೆ ಬಂತು. ದೊಡ್ಡ ಬಂದರುಗಳಿಗೆ ಒಬ್ಬ ಕಲೆಕ್ಟರ್, ಒಬ್ಬ ನೇವಲ್ ಆಫೀಸರ್, ಒಬ್ಬ ಸರ್ವೇಯರ್. ಇಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುತ್ತಾರೆ. ಈ ಕಲೆಕ್ಟರ್ ನಮ್ಮ ಜಿಲ್ಲಾಧಿಕಾರಿ ಅಲ್ಲ, ಬಂದರಿನಲ್ಲಿ ಸುಂಕ ವಸೂಲಿ ಮಾಡುವವನು. ನೇವಲ್ ಆಫೀಸರ್ ಎಂದರೆ ನೌಕಾಪಡೆಯವನೂ ಅಲ್ಲ. ಕಲೆಕ್ಟರನ ಲೆಕ್ಕದ ಎದುರು ಇನ್ನೊಂದು ಲೆಕ್ಕ ಇಟ್ಟು ತಾಳೆ ನೋಡುವವನು. ಸರ್ವೇಯರ್ ಎಂದರೆ ಭೂಮಿ ಅಳೆಯುವವನಲ್ಲ, ಬಂದರಿನಲ್ಲಿ ಸರಕಿನ ತಪಾಸಣೆ ನೋಡಿಕೊಳ್ಳುವವನು. ಇವರ ಸಂಪಾದನೆ ಬಹುಪಾಲು ಶುಲ್ಕ ಮತ್ತು ಕಮಿಷನ್ನಿನಿಂದ ಬರುತ್ತಿತ್ತು. ಹಡಗು ಜಾಸ್ತಿ ಬರುವ ಬಂದರಾದರೆ ಸುಖದ ಬದುಕು. ಸಣ್ಣ ಬಂದರಾದರೆ ಹೆಸರಿಗೆ ಹುದ್ದೆ. ಇನ್ನು ಗುಮಾಸ್ತರ ಸಂಬಳ ವರ್ಷಕ್ಕೆ 500 ಡಾಲರ್ ಮೀರಬಾರದು ಎಂದು ಕಾನೂನೇ ಕಟ್ಟು ಹಾಕಿತ್ತು. ವಿದೇಶಾಂಗ ಕಾರ್ಯದರ್ಶಿಗೆ 3,500 ಡಾಲರ್, ಮುಖ್ಯ ನ್ಯಾಯಾಧೀಶರಿಗೆ 4,000.

ಇಷ್ಟಕ್ಕೆ ಓದಿದವರು ಯಾಕೆ ಮುಗಿಬಿದ್ದರು? ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧ ಮುಗಿದು ಆರು ವರ್ಷವಾಗಿತ್ತು, ಆದರೆ ಯುದ್ಧದ ಸಾಲ ಮುಗಿದಿರಲಿಲ್ಲ. ಜೀವನಪೂರ್ತಿ ಅರ್ಧ ಸಂಬಳ ಕೊಡುತ್ತೇವೆ ಎಂದು ಸೇನಾಧಿಕಾರಿಗಳಿಗೆ ಕೊಟ್ಟ ಮಾತನ್ನು ಕಾಂಗ್ರೆಸ್ 1783ರಲ್ಲಿ ಬದಲಿಸಿ, ಐದು ವರ್ಷದ ಪೂರ್ತಿ ಸಂಬಳ ಎಂದಿತು. ಅದನ್ನೂ ನಗದಿನಲ್ಲಿ ಕೊಡಲಿಲ್ಲ, ಸಾಲಪತ್ರದಲ್ಲಿ ಕೊಟ್ಟಿತು. ಮನೆ ನಡೆಸಬೇಕಾದವರು ಆ ಪತ್ರಗಳನ್ನು ಬಂದಷ್ಟು ಬೆಲೆಗೆ ಮಾರಿಕೊಂಡರು. ಬೆಂಜಮಿನ್ ಲಿಂಕನ್ ಅವರನ್ನೇ ನೋಡಿ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾದಾಗ ಶರಣಾಗತಿಯ ಖಡ್ಗ ಸ್ವೀಕರಿಸಿದ ಜನರಲ್ ಇವರು. 1789ರ ಹೊತ್ತಿಗೆ ಸಾಲದಲ್ಲಿ ಮುಳುಗಿದ್ದರು. ವಾಷಿಂಗ್ಟನ್ ಅವರನ್ನು ಬಾಸ್ಟನ್ ಬಂದರಿನ ಕಲೆಕ್ಟರ್ ಮಾಡಿದರು. 1809ರ ತನಕ ಅವರು ಆ ಕೆಲಸದಲ್ಲಿ ಇದ್ದರು. ಇದನ್ನು ಕೃಪೆ ಎನ್ನುತ್ತೀರೋ, ಬಾಕಿ ತೀರಿಸಿದ್ದು ಎನ್ನುತ್ತೀರೋ? ನನಗೆ ಎರಡನೆಯದೇ ಸರಿ ಎನಿಸುತ್ತದೆ.

ಇದಲ್ಲದೆ, ಆಗಲೇ ಕೆಲಸದಲ್ಲಿ ಇದ್ದವರೂ ಬರೆದರು. ಅಲ್ಲಿಯ ತನಕ ಸುಂಕ ವಸೂಲಿ ಆಯಾ ರಾಜ್ಯಗಳ ಕೈಯಲ್ಲಿತ್ತು. ಅದು ಒಕ್ಕೂಟ ಸರ್ಕಾರಕ್ಕೆ ಹೋದಾಗ ರಾಜ್ಯದ ಸುಂಕಾಧಿಕಾರಿಗಳ ಅನ್ನಕ್ಕೆ ಕಲ್ಲು ಬೀಳುವ ಹಾಗಿತ್ತು. ‘ನನ್ನನ್ನು ಇದೇ ಜಾಗದಲ್ಲಿ ಮುಂದುವರಿಸಿ’ ಎಂಬ ಪತ್ರಗಳಿಗೆ ಲೆಕ್ಕವಿಲ್ಲ. ಅನುಭವ ಇದ್ದವರನ್ನು ವಾಷಿಂಗ್ಟನ್ ಸಾಕಷ್ಟು ಕಡೆ ಉಳಿಸಿಕೊಂಡರು ಕೂಡ.

ಇನ್ನು ಸಂಕೋಚದ ವಿಷಯ. ಆ ಕಾಲದ ಅಮೆರಿಕದಲ್ಲಿ ಒಂದು ನಂಬಿಕೆ ಬಲವಾಗಿತ್ತು. ಹುದ್ದೆ ಮನುಷ್ಯನನ್ನು ಹುಡುಕಿಕೊಂಡು ಬರಬೇಕು, ಮನುಷ್ಯ ಹುದ್ದೆಯನ್ನು ಹುಡುಕಿಕೊಂಡು ಹೋಗಬಾರದು. ಕೇಳಿದವನು ಕೇಳಿದ್ದರಿಂದಲೇ ಅರ್ಧ ಅನರ್ಹ. ವಾಷಿಂಗ್ಟನ್ ಕೂಡ ಅಧ್ಯಕ್ಷ ಪದವಿ ನನಗೆ ಬೇಡವಾಗಿತ್ತು ಎಂದೇ ಎಲ್ಲರಿಗೂ ಬರೆಯುತ್ತಿದ್ದರು. ಹೀಗಿರುವಾಗ ಕೆಲಸ ಬೇಕಾದವನು ಏನು ಮಾಡಬೇಕು? ಕೇಳಲೂ ಬೇಕು, ಕೇಳಿದ ಹಾಗೆ ಕಾಣಲೂ ಬಾರದು. ಆ ಪತ್ರಗಳ ವಿಚಿತ್ರ ಧಾಟಿ ಹುಟ್ಟಿದ್ದು ಇಲ್ಲಿಂದ. ಸ್ನೇಹಿತರು ಒತ್ತಾಯ ಮಾಡಿದರು ಎನ್ನುತ್ತಾರೆ. ಹೆಂಡತಿ ಮಕ್ಕಳ ಮುಖ ನೋಡಿ ಬರೆಯುತ್ತಿದ್ದೇನೆ ಎನ್ನುತ್ತಾರೆ. ವಾಷಿಂಗ್ಟನ್ ಅವರ ಅಮೂಲ್ಯ ಸಮಯ ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳುತ್ತಾರೆ. ಹುದ್ದೆಯ ಹೆಸರು ಬರುವ ಹೊತ್ತಿಗೆ ಒಂದು ಪುಟ ಮುಗಿದಿರುತ್ತದೆ.

ಒಂದು ಪತ್ರವನ್ನು ಹತ್ತಿರದಿಂದ ನೋಡೋಣ. ಬರೆದವರು ಜೇಮ್ಸ್ ವಿಲ್ಸನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಸೇಂಟ್ ಆಂಡ್ರೂಸ್‌ನಲ್ಲಿ ಓದಿ, ಅಮೆರಿಕಕ್ಕೆ ಬಂದು ಫಿಲಡೆಲ್ಫಿಯಾದ ದೊಡ್ಡ ವಕೀಲರಾದವರು. ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ, ಎರಡಕ್ಕೂ ಸಹಿ ಹಾಕಿದ ಕೆಲವೇ ಜನರಲ್ಲಿ ಒಬ್ಬರು. ಸಂವಿಧಾನ ರಚನೆಯ ಚರ್ಚೆಯಲ್ಲಿ ಅವರಷ್ಟು ದುಡಿದವರು ಕಡಿಮೆ. ಇಂಥವರು 1789ರ ಏಪ್ರಿಲ್ 21ರಂದು, ವಾಷಿಂಗ್ಟನ್ ಪ್ರಮಾಣವಚನಕ್ಕೆ ಇನ್ನೂ ಒಂಬತ್ತು ದಿನ ಇರುವಾಗ, ಕೂತು ಪತ್ರ ಬರೆದರು. ಏನನ್ನೂ ಮುಚ್ಚಿಡದೆ ತಮ್ಮ ಮುಂದೆ ಹೇಳುತ್ತಿದ್ದೇನೆ, ನನ್ನ ಗುರಿ ಅಮೆರಿಕದ ಮುಖ್ಯ ನ್ಯಾಯಾಧೀಶರ ಹುದ್ದೆ ಎಂದರು. ಮರುಸಾಲಿನಲ್ಲೇ ತಡವರಿಸಿದರು. ಮುಂದೆ ಹೇಗೆ ಹೇಳಲಿ, ಇಷ್ಟು ದೊಡ್ಡದನ್ನು ಬಯಸಲು ಕಾರಣಗಳ ಪಟ್ಟಿ ಕೊಡಲೇ, ನನ್ನನ್ನು ನಾನೇ ಹೊಗಳಿಕೊಳ್ಳಲು ಈವರೆಗೆ ಲೇಖನಿ ಹಿಡಿದವನಲ್ಲ ಎಂದರು.

ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಮರುಕ ಉಕ್ಕುತ್ತದೆ. ದೇಶದ ಕಾನೂನನ್ನು ಅವರಷ್ಟು ಬಲ್ಲವರು ಬೆರಳೆಣಿಕೆ. ಆ ಹುದ್ದೆಗೆ ಅವರು ಯೋಗ್ಯರೇ. ಆದರೆ ಯೋಗ್ಯತೆಯನ್ನು ತೋರಿಸಿಕೊಳ್ಳಲು ಮಾನದ ಹಾದಿ ಒಂದೂ ಇರಲಿಲ್ಲ. ವಾಷಿಂಗ್ಟನ್ ಮೇ 9ರಂದು ಉತ್ತರ ಬರೆದರು. ಯಾರಿಗೂ ಯಾವ ಮಾತೂ ಕೊಡದೆ ಈ ಅಧಿಕಾರಕ್ಕೆ ಬಂದಿದ್ದೇನೆ ಎಂಬ ಅರ್ಥದ ಉತ್ತರ. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಸೆಪ್ಟೆಂಬರ್ 24ರಂದು ನ್ಯಾಯಾಂಗದ ಕಾನೂನಿಗೆ ಸಹಿ ಹಾಕಿದ ದಿನವೇ ಮುಖ್ಯ ನ್ಯಾಯಾಧೀಶರ ಸ್ಥಾನಕ್ಕೆ ಜಾನ್ ಜೇ ಅವರ ಹೆಸರು ಹೋಯಿತು. ವಿಲ್ಸನ್ ಅವರಿಗೆ ಅದೇ ನ್ಯಾಯಾಲಯದಲ್ಲಿ ಸಹನ್ಯಾಯಾಧೀಶರ ಸ್ಥಾನ ಸಿಕ್ಕಿತು. ಜೇ ನ್ಯೂಯಾರ್ಕಿನವರು, ಸಂಧಾನಕಾರರಾಗಿ ಹೆಸರು ಮಾಡಿದವರು. ವಿಲ್ಸನ್ ಆಗಲೇ ಭೂಮಿಯ ಸಟ್ಟಾ ವ್ಯಾಪಾರಕ್ಕೆ ಕೈ ಹಾಕಿ ಸಾಲದ ಸುಳಿಗೆ ಸಿಕ್ಕಿದ್ದರು. ಮುಂದೆ ಆ ಸಾಲ ಅವರನ್ನು ಬಿಡಲಿಲ್ಲ. ಸುಪ್ರೀಂ ಕೋರ್ಟ್ ನ್ಯಾಯಾಧೀಶರಾಗಿ ಇರುವಾಗಲೇ ಸಾಲಕ್ಕಾಗಿ ಸೆರೆಮನೆ ಕಂಡರು. 1798ರಲ್ಲಿ ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ ತೀರಿಕೊಂಡರು.

ವಿಲ್ಸನ್ ಅವರ ಕುರ್ಚಿಗೆ ಬಂದವನು ಯಾರು ಗೊತ್ತೇ? ಬುಷ್ರಾಡ್ ವಾಷಿಂಗ್ಟನ್. ಜಾರ್ಜ್ ವಾಷಿಂಗ್ಟನ್ ಅವರ ತಮ್ಮನ ಮಗ. ಈ ಹುಡುಗ ವಕೀಲಿ ಕಲಿತದ್ದು ಇದೇ ವಿಲ್ಸನ್ ಅವರ ಕಚೇರಿಯಲ್ಲಿ. ಕಲಿಕೆಯ ಫೀಸಿಗೆ ಹೊಣೆ ನಿಂತದ್ದು ದೊಡ್ಡಪ್ಪ ಜಾರ್ಜ್. 1789ರಲ್ಲಿ ಬುಷ್ರಾಡ್‌ಗೆ 27 ವರ್ಷ. ವರ್ಜೀನಿಯಾದ ಒಕ್ಕೂಟ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲನ ಹುದ್ದೆ ಬೇಕೆಂದು ದೊಡ್ಡಪ್ಪನಿಗೇ ಬರೆದ. ಮನೆಯವರೇ ಅಧ್ಯಕ್ಷರಾಗಿದ್ದಾರೆ, ಕೇಳಿದರೆ ತಪ್ಪೇನು ಎಂದು ಅವನಿಗೆ ಅನಿಸಿದ್ದರೆ ಅದು ಸಹಜ.

ಜುಲೈ 27ರಂದು ಬಂದ ಉತ್ತರ ಆ ವರ್ಷದ ಪತ್ರಗಳಲ್ಲೇ ನನಗೆ ಅತಿ ಮೆಚ್ಚಿನದು. ನಿನಗೆ ತಕ್ಕ ಹುದ್ದೆ ಸಿಗಲಿ ಎಂಬ ಆಸೆ ನನಗಿದೆ, ಅದರಲ್ಲಿ ಅನುಮಾನ ಬೇಡ ಎಂದು ಶುರು ಮಾಡುತ್ತಾರೆ. ಆಮೇಲೆ ನೇರ ಮಾತು. ನಿನ್ನ ರಾಜ್ಯದಲ್ಲೇ ಹಿರಿಯರೂ ಗೌರವಸ್ಥರೂ ಆದ ವಕೀಲರು ಇರುವಾಗ, ಅವರನ್ನು ಬಿಟ್ಟು ನಿನ್ನನ್ನು ಸೂಚಿಸುವಷ್ಟು ಸ್ಥಾನಮಾನ ನಿನಗೆ ಇನ್ನೂ ಬಂದಿಲ್ಲ. ತತ್ವದ ಮಾತು ಬದಿಗಿಟ್ಟರೂ ನಾನು ತುಂಬಾ ಎಚ್ಚರದಿಂದ ಇರಬೇಕು, ಆರ್ಗಸ್‌ನ ಕಣ್ಣು ನನ್ನ ಮೇಲಿದೆ, ಬಂಧುಗಳಿಗೆ ಪಕ್ಷಪಾತ ಮಾಡಿದೆ ಎನ್ನಲು ಆಸ್ಪದ ಕೊಡುವ ಯಾವ ಸಣ್ಣ ತಪ್ಪನ್ನೂ ಜನ ನೋಡದೆ ಬಿಡುವುದಿಲ್ಲ. ಆರ್ಗಸ್ ಎಂದರೆ ಗ್ರೀಕ್ ಪುರಾಣದ ನೂರು ಕಣ್ಣಿನ ಕಾವಲುಗಾರ.

ಆ ಹುದ್ದೆಯನ್ನು ವಾಷಿಂಗ್ಟನ್ ಜಾನ್ ಮಾರ್ಷಲ್ ಅವರಿಗೆ ಕೊಟ್ಟರು. ಮಾರ್ಷಲ್ ಬೇಡ ಎಂದರು! ಒಂಬತ್ತು ವರ್ಷದ ನಂತರ ವಿಲ್ಸನ್ ಅವರ ಸ್ಥಾನ ಖಾಲಿಯಾದಾಗ ಅಧ್ಯಕ್ಷ ಜಾನ್ ಆಡಮ್ಸ್ ಮೊದಲು ಕೇಳಿದ್ದೂ ಮಾರ್ಷಲ್ ಅವರನ್ನೇ. ಅವರು ಮತ್ತೆ ಬೇಡ ಎಂದರು. ಆಗ ಅದು ಬುಷ್ರಾಡ್‌ಗೆ ಬಂತು. ದೊಡ್ಡಪ್ಪ ಸಣ್ಣ ಹುದ್ದೆ ಕೊಡದೆ ಕಳಿಸಿದ ಹುಡುಗ, ತನ್ನ ಗುರುವಿನ ಕುರ್ಚಿಯಲ್ಲಿ 31 ವರ್ಷ ಕೂತ. ಮೌಂಟ್ ವರ್ನನ್ ಮನೆಯೂ ದೊಡ್ಡಪ್ಪನ ಕಾಗದಪತ್ರಗಳೂ ಉಯಿಲಿನ ಮೂಲಕ ಅವನಿಗೇ ಬಂದವು.

ವಾಷಿಂಗ್ಟನ್ ಅವರಿಗೆ ಹಳೆಯ ಗೆಳೆಯರಿಗೆ ಇಲ್ಲ ಎನ್ನುವುದು ಇನ್ನೂ ಕಷ್ಟವಾಗಿರಬೇಕು. ಬೆಂಜಮಿನ್ ಹ್ಯಾರಿಸನ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು, ವರ್ಜೀನಿಯಾದ ಗವರ್ನರ್ ಆಗಿದ್ದವರು. 1788ರಲ್ಲಿ ಇದೇ ಹೊಸ ಸಂವಿಧಾನವನ್ನು ವರ್ಜೀನಿಯಾ ಒಪ್ಪಬಾರದು ಎಂದು ವಿರೋಧಿಸಿದ್ದರು. ವರ್ಷ ತುಂಬುವ ಮೊದಲೇ ಆ ಸಂವಿಧಾನ ಹುಟ್ಟಿಸುವ ಒಂದು ಬಂದರಿನ ಹುದ್ದೆ ಬೇಕೆಂದು ಬರೆದರು. ಗವರ್ನರ್ ಆಗಿದ್ದವರು ಸುಂಕದ ಕಚೇರಿಯ ಕೆಲಸ ಕೇಳಬೇಕಾದರೆ ಮನೆಯ ಕಷ್ಟ ಎಷ್ಟಿರಬೇಕು! ಮಾರ್ಚ್ 9ರಂದು ವಾಷಿಂಗ್ಟನ್ ಕೊಟ್ಟ ಉತ್ತರ ಸ್ನೇಹದಿಂದ ಕೂಡಿತ್ತು, ಆದರೆ ಗಟ್ಟಿಯಾಗಿತ್ತು. ಅಧ್ಯಕ್ಷರ ಕುರ್ಚಿಗೆ ಹೋಗಲೇಬೇಕಾಗಿ ಬಂದರೆ ಯಾವ ಬಗೆಯ ಮುಂಗಡ ಮಾತಿನ ಕಟ್ಟೂ ಇಲ್ಲದೆ ಹೋಗುತ್ತೇನೆ ಎಂದರು. ಹ್ಯಾರಿಸನ್ ಅವರಿಗೆ ಆ ಹುದ್ದೆ ಸಿಗಲಿಲ್ಲ.

ವಾಷಿಂಗ್ಟನ್ ಅವರ ಪದ್ಧತಿ ಇದೇ. ಬಂದ ಪತ್ರವನ್ನು ಓದಿ ಇಡುವುದು. ಯಾರಿಗೂ ಆಸೆ ಹುಟ್ಟಿಸದಿರುವುದು. ಹುದ್ದೆ ಕಾನೂನಾಗಿ ಬಂದ ಮೇಲೆ ಎಲ್ಲ ಪತ್ರಗಳನ್ನೂ ಪಕ್ಕಪಕ್ಕ ಇಟ್ಟು ತೂಗುವುದು. ತೂಕದ ಬಟ್ಟು ಮೂರು ಎಂದು ಅವರೇ ಹಲವರಿಗೆ ಬರೆದಿದ್ದಾರೆ: ಆ ಕೆಲಸಕ್ಕೆ ಮನುಷ್ಯ ಯೋಗ್ಯನೇ, ಹಿಂದೆ ಮಾಡಿದ ಸೇವೆ ಮತ್ತು ಪಟ್ಟ ಕಷ್ಟ ಎಷ್ಟು, ಹುದ್ದೆಗಳು ಎಲ್ಲ ರಾಜ್ಯಗಳಿಗೂ ಹಂಚಿ ಹೋಗುತ್ತಿವೆಯೇ. ಮೂರನೆಯದನ್ನು ಹಗುರವಾಗಿ ನೋಡಬೇಡಿ. ಹೊಸ ಒಕ್ಕೂಟ. ವರ್ಜೀನಿಯಾದವರೇ ಎಲ್ಲ ಬಾಚಿಕೊಂಡರು ಎಂಬ ಮಾತು ಹುಟ್ಟಿದರೆ ಒಕ್ಕೂಟಕ್ಕೇ ಏಟು. ಗಣರಾಜ್ಯದಲ್ಲಿ ಜನ ಹೆಚ್ಚುಕಡಿಮೆ ಸಮಾನರು, ಹಾಗಾಗಿ ಲಾಭದ, ಗೌರವದ ಹುದ್ದೆ ಯಾರಿಗೆ ಹೋಗುತ್ತದೆ ಎಂದು ಅವರಿಗೆ ಹೊಟ್ಟೆಕಿಚ್ಚೂ ಜಾಸ್ತಿ, ಅಧ್ಯಕ್ಷನಿಗೆ ಇದಕ್ಕಿಂತ ನಾಜೂಕಿನ ಕೆಲಸ ಇನ್ನೊಂದಿಲ್ಲ ಎಂದು 1789ರ ಮಾರ್ಚ್‌ನಲ್ಲೇ ಅವರು ಗುರುತಿಸಿದ್ದರು. ರಾಜನಿದ್ದರೆ ಕೊಟ್ಟದ್ದು ಪ್ರಸಾದ. ಗಣರಾಜ್ಯದಲ್ಲಿ ಅವನಿಗೆ ಕೊಟ್ಟು ನನಗೇಕೆ ಕೊಡಲಿಲ್ಲ ಎಂದು ಕೇಳುವ ಹಕ್ಕು ಎಲ್ಲರಿಗೂ ಬರುತ್ತದೆ.

ಉಪಾಧ್ಯಕ್ಷ ಜಾನ್ ಆಡಮ್ಸ್ ಅವರಿಗೂ ಪತ್ರಗಳು ಹೋದವು. ಹಳೆಯ ಗೆಳತಿ, ಬರಹಗಾರ್ತಿ ಮರ್ಸಿ ಓಟಿಸ್ ವಾರನ್ ತಮ್ಮ ಮನೆಯವರಿಗೆ ಏನಾದರೂ ಹುದ್ದೆ ಸಿಗುವಂತೆ ನೋಡಿ ಎಂದು ಬರೆದರು. ಆಡಮ್ಸ್ ಮೇ 29ರಂದು ಕಟುವಾಗಿ ಉತ್ತರಿಸಿದರು. ನನ್ನ ಕೈಗೆ ಕೊಟ್ಟ ಸಾರ್ವಜನಿಕ ಅಧಿಕಾರವನ್ನು ನನ್ನ ಲಾಭಕ್ಕೋ ಮನೆಯವರಿಗೋ ಸ್ನೇಹಿತರಿಗೋ ಬಳಸಿದರೆ ನನ್ನ ಇಡೀ ಬಾಳಿನ ನಡತೆಯೇ ಸುಳ್ಳಾಗುತ್ತದೆ ಎಂದರು. ಮಾತೇನೋ ದೊಡ್ಡದು. ಆದರೆ ಅದೇ ವರ್ಷ ಅವರ ಅಳಿಯ ವಿಲಿಯಂ ಸ್ಟೀಫನ್ಸ್ ಸ್ಮಿತ್‌ಗೆ ನ್ಯೂಯಾರ್ಕಿನ ಮಾರ್ಷಲ್ ಹುದ್ದೆ (ಒಕ್ಕೂಟ ನ್ಯಾಯಾಲಯದ ಆದೇಶ ಜಾರಿ ಮಾಡುವ ಅಧಿಕಾರಿ) ಸಿಕ್ಕಿತು. ಅದನ್ನು ಕೊಟ್ಟವರು ವಾಷಿಂಗ್ಟನ್, ನಿಜ. 1798ರಲ್ಲಿ ತಾವೇ ಅಧ್ಯಕ್ಷರಾಗಿದ್ದಾಗ ಆಡಮ್ಸ್ ಇದೇ ಅಳಿಯನನ್ನು ಸೇನೆಯ ದೊಡ್ಡ ಹುದ್ದೆಗೆ ಸೂಚಿಸಿದರು. ಸೆನೆಟ್ ಒಪ್ಪಲಿಲ್ಲ. ವಾರನ್ ಅವರಿಗೆ ಆ ಉತ್ತರ ಎಷ್ಟು ನೋಯಿಸಿರಬೇಕು ಎಂದು ಇದನ್ನು ಇಟ್ಟುಕೊಂಡು ಯೋಚಿಸಿ.

ಸೆನೆಟ್ ವಿಷಯ ಬಂತಲ್ಲ, ಒಂದು ಘಟನೆ ಹೇಳಲೇಬೇಕು. ಆಗಸ್ಟ್ 1789ರಲ್ಲಿ ವಾಷಿಂಗ್ಟನ್ ಸುಮಾರು ನೂರು ಸುಂಕಾಧಿಕಾರಿಗಳ ಹೆಸರನ್ನು ಸೆನೆಟ್‌ಗೆ ಕಳಿಸಿದರು. ಜಾರ್ಜಿಯಾದ ಸವಾನಾ ಬಂದರಿಗೆ ಸೂಚಿಸಿದ್ದು ಬೆಂಜಮಿನ್ ಫಿಶ್‌ಬೋರ್ನ್ ಎಂಬ ಮಾಜಿ ಸೇನಾಧಿಕಾರಿಯನ್ನು. ಜಾರ್ಜಿಯಾದ ಸೆನೆಟರ್ ಜೇಮ್ಸ್ ಗನ್ ಅವರಿಗೆ ಅವರು ಬೇಡವಾಗಿದ್ದರು. ಸೆನೆಟ್ ಆ ಹೆಸರನ್ನು ತಳ್ಳಿಹಾಕಿತು. ಮರುದಿನ, ಆಗಸ್ಟ್ 6ರಂದು, ವಾಷಿಂಗ್ಟನ್ ಸೆನೆಟ್‌ಗೆ ಒಂದು ಸಂದೇಶ ಕಳಿಸಿ ಫಿಶ್‌ಬೋರ್ನ್ ಅವರನ್ನು ತಾವು ಯಾಕೆ ಆರಿಸಿದ್ದು ಎಂದು ವಿವರಿಸಿದರು. ಆಮೇಲೆ ಲಾಕ್ಲನ್ ಮ್ಯಾಕಿಂಟಾಷ್ ಅವರ ಹೆಸರು ಕೊಟ್ಟರು. ಪತ್ರ ಬರೆಯುವವರಿಗೆ ಇದು ಪಾಠವಾಯಿತು. ಅಧ್ಯಕ್ಷರಿಗೆ ಮಾತ್ರ ಬರೆದರೆ ಸಾಲದು, ನಮ್ಮ ರಾಜ್ಯದ ಸೆನೆಟರನ ಮನಸ್ಸೂ ಗೆಲ್ಲಬೇಕು.

ಎಲ್ಲ ಪತ್ರಗಳೂ ಕಷ್ಟ ಹೇಳಿಕೊಳ್ಳುವವಲ್ಲ. ಪಿಯೆರ್ ಲೆನ್‌ಫಾಂಟ್ ಎಂಬ ಫ್ರೆಂಚ್ ಎಂಜಿನಿಯರ್ 1789ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಿಂದ ಬರೆದರು. ಹೊಸ ರಾಜಧಾನಿ ಕಟ್ಟಲಿದ್ದೀರಿ, ಅದರ ನಕ್ಷೆ ಮಾಡುವ ಕೆಲಸ ನನಗೆ ಕೊಡಿ ಎಂದರು. ಆಗ ರಾಜಧಾನಿ ಎಲ್ಲಿ ಎಂದೂ ತೀರ್ಮಾನವಾಗಿರಲಿಲ್ಲ. ಆ ಕಾನೂನು ಬಂದದ್ದು 1790ರ ಜುಲೈನಲ್ಲಿ. ಕೆಲಸ ಅವರಿಗೇ ಸಿಕ್ಕಿತು. ಮೇಲಿನವರ ಜೊತೆ ಹೊಂದಿಕೊಳ್ಳಲಾಗದೆ 1792ರಲ್ಲಿ ಕಳೆದುಕೊಂಡರು. ಆದರೂ ಇವತ್ತಿನ ವಾಷಿಂಗ್ಟನ್ ನಗರದ ರಸ್ತೆಗಳ ಮೂಲ ರೂಪ ಅವರದೇ. ಕೆಲಸ ಬೇಕು ಎನ್ನುವ ಬದಲು ಏನು ಕೆಲಸ ಆಗಬೇಕಿದೆ ಎಂದು ಬರೆದ ಪತ್ರ ಅದು. ನನ್ನ ಮಟ್ಟಿಗೆ ಆ ಇಡೀ ಕಟ್ಟಿನಲ್ಲೇ ಜಾಣ ಪತ್ರ.

ಇಷ್ಟು ಹೊತ್ತು ಗಂಡಸರ ಮಾತಾಯಿತು. ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಬೇಕಾದರೆ ಮೇರಿ ಕ್ಯಾಥರೀನ್ ಗೊಡ್ಡಾರ್ಡ್ ಅವರ ಅರ್ಜಿ ನೋಡಲೇಬೇಕು. ಅವರು 1775ರಿಂದ ಬಾಲ್ಟಿಮೋರ್‌ನ ಪೋಸ್ಟ್‌ಮಾಸ್ಟರ್. ಮುದ್ರಣಾಲಯ ನಡೆಸುತ್ತಿದ್ದವರು. ಸಹಿ ಹಾಕಿದವರ ಹೆಸರಿನೊಂದಿಗೆ ಸ್ವಾತಂತ್ರ್ಯ ಘೋಷಣೆಯನ್ನು 1777ರ ಜನವರಿಯಲ್ಲಿ ಅಚ್ಚು ಹಾಕಿದ್ದು ಅವರೇ. ಯುದ್ಧದ ದಿನಗಳಲ್ಲಿ ಅಂಚೆ ಸವಾರರಿಗೆ ಕೈಯಿಂದ ದುಡ್ಡು ಕೊಟ್ಟು ಕಚೇರಿ ನಡೆಸಿದ್ದರು. 1789ರಲ್ಲಿ ಹೊಸ ಸರ್ಕಾರ ಅವರನ್ನು ತೆಗೆದು ಒಬ್ಬ ಗಂಡಸನ್ನು ಕೂರಿಸಿತು. ಕಾರಣ ಏನೆಂದರೆ, ಈ ಹುದ್ದೆಗೆ ಇನ್ನು ಮುಂದೆ ಜಾಸ್ತಿ ಓಡಾಟ ಬೇಕು, ಅದು ಹೆಂಗಸಿನ ಕೈಲಿ ಆಗದು!

ಬಾಲ್ಟಿಮೋರ್‌ನ ಇನ್ನೂರಕ್ಕೂ ಹೆಚ್ಚು ಜನ, ಹೆಚ್ಚಿನವರು ವ್ಯಾಪಾರಿಗಳು, ಅವರ ಪರವಾಗಿ ಸಹಿ ಹಾಕಿದರು. ಡಿಸೆಂಬರ್ 23ರಂದು ಗೊಡ್ಡಾರ್ಡ್ ವಾಷಿಂಗ್ಟನ್‌ಗೆ ಬರೆದರು. ಅವರ ಬರಹದಲ್ಲಿ ಆ ತಡವರಿಕೆ ಇಲ್ಲ. ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ದೂರಿಲ್ಲ, ಯಾವ ತಪ್ಪಿಗೆ ತೆಗೆದಿರಿ ಎಂಬ ಧಾಟಿ. ಅಂಚೆ ಇಲಾಖೆಯ ನೇಮಕಗಳು ಪೋಸ್ಟ್‌ಮಾಸ್ಟರ್ ಜನರಲ್ ಕೈಯಲ್ಲಿವೆ, ನಾನು ಅದರಲ್ಲಿ ಕೈ ಹಾಕುವುದಿಲ್ಲ ಎಂದು 1790ರ ಜನವರಿ 6ರಂದು ಉತ್ತರ ಬಂತು. ಸೆನೆಟ್‌ಗೂ ಅರ್ಜಿ ಹಾಕಿದರು. ಫಲ ಸಿಗಲಿಲ್ಲ. ವಾಷಿಂಗ್ಟನ್ ಅವರ ಆ ಮೂರು ಬಟ್ಟಿನಲ್ಲಿ ತೂಗಿದರೆ ಯೋಗ್ಯತೆ ಇತ್ತು, ಸೇವೆಯೂ ಇತ್ತು, ಕಷ್ಟವೂ ಇತ್ತು. ಇನ್ನೂರು ಜನರ ಸಾಕ್ಷಿಯೂ ಇತ್ತು. ಇದು ಅನ್ಯಾಯ. ಆ ಕಾಲ ಹಾಗಿತ್ತು ಎಂದು ಸುಮ್ನೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಅದೇ ಕಾಲದ ಆ ಇನ್ನೂರು ಜನರಿಗೆ ಅದು ತಪ್ಪು ಎಂದು ಕಂಡಿತ್ತು. 1807ರಲ್ಲಿ ಅಧ್ಯಕ್ಷ ಜೆಫರ್ಸನ್ ತಮ್ಮ ಖಜಾನೆ ಕಾರ್ಯದರ್ಶಿಗೆ ಇನ್ನೂ ಬಿಚ್ಚಿ ಬರೆದರು: ಹೆಂಗಸನ್ನು ಹುದ್ದೆಗೆ ನೇಮಿಸುವ ಹೊಸತನಕ್ಕೆ ಜನರೂ ಸಿದ್ಧರಿಲ್ಲ, ನಾನೂ ಸಿದ್ಧನಿಲ್ಲ. ಕಪ್ಪು ಜನರಿಗಂತೂ ಈ ಬಾಗಿಲು ಇದೆ ಎಂದು ಯಾರೂ ಎಣಿಸಿಯೂ ಇರಲಿಲ್ಲ.

ಜೆಫರ್ಸನ್ 1801ರ ಮಾರ್ಚ್ 4ಕ್ಕೆ ಅಧ್ಯಕ್ಷರಾದಾಗ ಪತ್ರಗಳ ಬಣ್ಣ ಬದಲಾಯಿತು. ಈಗ ಸೇವೆ, ಕಷ್ಟದ ಜೊತೆಗೆ ಪಕ್ಷ ನಿಷ್ಠೆಯೂ ಸೇರಿತು. ಹನ್ನೆರಡು ವರ್ಷ ಎದುರು ಪಕ್ಷದವರೇ ತುಂಬಿಕೊಂಡಿದ್ದಾರೆ, ನಮಗೂ ಪಾಲು ಕೊಡಿ ಎಂಬ ಕೂಗು. ಕನೆಟಿಕಟ್‌ನ ನ್ಯೂಹೇವನ್ ಬಂದರಿನಲ್ಲಿ ಎಲೈಜರ್ ಗುಡ್‌ರಿಚ್ ಅವರನ್ನು ತೆಗೆದು, 77 ವರ್ಷದ ಸ್ಯಾಮ್ಯುಯೆಲ್ ಬಿಷಪ್ ಅವರನ್ನು ಕಲೆಕ್ಟರ್ ಮಾಡಿದರು. ವ್ಯಾಪಾರಿಗಳು ಪ್ರತಿಭಟಿಸಿದರು. ಜುಲೈ 12ರ ಉತ್ತರದಲ್ಲಿ ಜೆಫರ್ಸನ್ ಕೇಳಿದ ಪ್ರಶ್ನೆ ಸರಿಯಾದದ್ದೇ. ಹುದ್ದೆ ಖಾಲಿಯಾಗುವುದು ಹೇಗೆ? ಸಾಯುವವರು ಕೆಲವರು, ರಾಜೀನಾಮೆ ಕೊಡುವವರು ಯಾರೂ ಇಲ್ಲ. ಪಕ್ಷಗಳ ಪಾಲು ಸಮವಾದ ಮೇಲೆ ಮನುಷ್ಯ ಪ್ರಾಮಾಣಿಕನೇ, ಸಮರ್ಥನೇ, ಸಂವಿಧಾನಕ್ಕೆ ನಿಷ್ಠನೇ ಎಂದಷ್ಟೇ ಕೇಳುವ ದಿನ ಬರಲಿ ಎಂದೂ ಬರೆದರು. ಆದರೆ ಮುದುಕ ಬಿಷಪ್ ತೀರಿಕೊಂಡಾಗ ಆ ಹುದ್ದೆ ಹೋದದ್ದು ಅವರ ಮಗನಿಗೆ. ಮಗ ಏಬ್ರಹಾಂ ಬಿಷಪ್ ಯೇಲ್‌ನಲ್ಲಿ ಓದಿದವರು, ಜೆಫರ್ಸನ್ ಪಕ್ಷದ ದೊಡ್ಡ ಭಾಷಣಕಾರ. ಇದನ್ನು ನಿಮ್ಮ ಧಾರವಾಡದಲ್ಲಿ ಏನೆನ್ನುತ್ತಾರೆ ಎಂದು ನಾನು ಹೇಳಬೇಕಿಲ್ಲ.

ಸಿಗದವರ ಸಿಟ್ಟಿನ ಬೆಲೆಯೂ ಸಣ್ಣದಲ್ಲ. ಜೆಫರ್ಸನ್ ಪರ ಲೇಖನಿ ಹಿಡಿದು ಜೈಲಿಗೂ ಹೋಗಿದ್ದ ಪತ್ರಕರ್ತ ಜೇಮ್ಸ್ ಕ್ಯಾಲೆಂಡರ್ ರಿಚ್‌ಮಂಡ್‌ನ ಪೋಸ್ಟ್‌ಮಾಸ್ಟರ್ ಹುದ್ದೆ ಬಯಸಿದರು. ಸಿಗಲಿಲ್ಲ. 1802ರಲ್ಲಿ ಜೆಫರ್ಸನ್ ತಮ್ಮ ಮನೆಯ ಗುಲಾಮಳಾದ ಸ್ಯಾಲಿ ಹೆಮಿಂಗ್ಸ್ ಜೊತೆ ಸಂಬಂಧ ಇಟ್ಟುಕೊಂಡಿದ್ದಾರೆ ಎಂದು ಅಚ್ಚು ಹಾಕಿದ್ದು ಇದೇ ಕ್ಯಾಲೆಂಡರ್. ನ್ಯೂಯಾರ್ಕಿನ ರಾಬರ್ಟ್ ಲಿವಿಂಗ್‌ಸ್ಟನ್ ಅವರದು ಇನ್ನೊಂದು ದಾರಿ. 1789ರಲ್ಲಿ ವಾಷಿಂಗ್ಟನ್‌ಗೆ ಪ್ರಮಾಣವಚನ ಬೋಧಿಸಿದವರು ಅವರೇ. ದೊಡ್ಡ ಹುದ್ದೆಗೆ ಆಸೆಪಟ್ಟು ಸಿಗದೆ ವಿರೋಧ ಪಕ್ಷಕ್ಕೆ ಹೋದರು. ಜೆಫರ್ಸನ್ ಅವರನ್ನು ಫ್ರಾನ್ಸಿಗೆ ರಾಯಭಾರಿಯಾಗಿ ಕಳಿಸಿದರು. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶ ಖರೀದಿಸಿದ ಮಾತುಕತೆ ನಡೆಸಿದವರಲ್ಲಿ ಅವರೂ ಒಬ್ಬರು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ವಶೀಲಿಯೇ? ನಾವು ವಶೀಲಿ ಎನ್ನುವುದು ಕಿವಿಯಲ್ಲಿ ನಡೆಯುವ ವ್ಯವಹಾರವನ್ನು. ಯಾರು ಯಾರಿಗೆ ಹೇಳಿದರು ಎಂಬುದಕ್ಕೆ ಗುರುತು ಉಳಿಯುವುದಿಲ್ಲ. 1789ರಲ್ಲಿ ಶಿಫಾರಸು ಮಾಡಿದವನು ತನ್ನ ಹೆಸರು ಬರೆದು ಸಹಿ ಹಾಕುತ್ತಿದ್ದ. ಅವನು ಹೊಗಳಿದ ಮನುಷ್ಯ ನಾಳೆ ಸುಂಕದ ದುಡ್ಡು ನುಂಗಿದರೆ ಇವನ ಮಾನವೂ ಹೋಗುತ್ತಿತ್ತು. ಹಾಗಾಗಿ ಅರ್ಜಿದಾರ ತನ್ನ ಬಗ್ಗೆ ಬರೆದದ್ದಕ್ಕಿಂತ ಬೇರೆಯವರು ಅವನ ಬಗ್ಗೆ ಬರೆದದ್ದಕ್ಕೆ ಬೆಲೆ ಜಾಸ್ತಿ. ಬರೆದವರಿಗೆಲ್ಲ ಕೆಲಸ ಸಿಗಲಿಲ್ಲ, ಬಹಳ ಜನರಿಗೆ ಸಿಗಲಿಲ್ಲ. ಸಿಕ್ಕವರಿಗೆ ಸಿಕ್ಕಿದ್ದು ಪತ್ರ ಚೆನ್ನಾಗಿತ್ತು ಎಂದಲ್ಲ. ಊರಿನಲ್ಲಿ ಹೆಸರಿತ್ತು, ಯುದ್ಧದಲ್ಲಿ ಸೇವೆಯಿತ್ತು, ಸೆನೆಟರನ ಅಡ್ಡಿ ಇರಲಿಲ್ಲ. ಹಾಗೆಂದು ಇದು ನ್ಯಾಯದ ಪದ್ಧತಿ ಎಂದು ನಾನು ಹೇಳುವುದಿಲ್ಲ. ನಾಲ್ಕು ದೊಡ್ಡವರ ಪರಿಚಯ ಇಲ್ಲದ ಬಡವನಿಗೆ ಇಲ್ಲಿ ಜಾಗವೇ ಇರಲಿಲ್ಲ.

ಈ ಪದ್ಧತಿ ಹೋಗಲು ಸುಮಾರು ನೂರು ವರ್ಷ ಬೇಕಾಯಿತು, ಅದೂ ಒಂದು ಕೊಲೆಯ ನಂತರ. ಪ್ಯಾರಿಸ್‌ನ ಕಾನ್ಸಲ್ ಹುದ್ದೆ ಬೇಕೆಂದು ಪತ್ರದ ಮೇಲೆ ಪತ್ರ ಬರೆದು, ಕಚೇರಿ ಬಾಗಿಲು ಕಾದು ಸಿಗದೆ ಹೋದ ಚಾರ್ಲ್ಸ್ ಗಿಟೊ ಎಂಬವನು 1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದ. 1883ರಲ್ಲಿ ಪೆಂಡಲ್‌ಟನ್ ಕಾನೂನು ಬಂದು ಪರೀಕ್ಷೆಯ ಮೂಲಕ ನೇಮಕ ಶುರುವಾಯಿತು, ಅದೂ ಮೊದಲಿಗೆ ಕೆಲವೇ ಹುದ್ದೆಗಳಿಗೆ. ಆ ಸುಧಾರಕರು ಮಾದರಿಗಾಗಿ ನೋಡಿದ್ದು ಬ್ರಿಟನ್ನಿನ ಕಡೆಗೆ. ಬ್ರಿಟಿಷರು ಸ್ಪರ್ಧಾ ಪರೀಕ್ಷೆಯನ್ನು ಮೊದಲು ಗಟ್ಟಿಯಾಗಿ ಜಾರಿಗೆ ತಂದದ್ದು ಭಾರತದ ಸಿವಿಲ್ ಸರ್ವಿಸ್‌ಗೆ, 1855ರಲ್ಲಿ, ಲಂಡನ್ನಿನಲ್ಲಿ ನಡೆಸಿದ ಪರೀಕ್ಷೆಯ ಮೂಲಕ. ಐ.ಎ.ಎಸ್. ಪರೀಕ್ಷೆಯ ಬೇರೂ ಅಲ್ಲೇ ಇದೆ.

ಇದರ ಮೇಲೆ ಪ್ರಬಂಧ ಬರೆಯುವ ಮನಸ್ಸಿದ್ದರೆ ಒಂದು ಸಲಹೆ. ವಾಷಿಂಗ್ಟನ್‌ಗೆ ಬಂದ ಅರ್ಜಿಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬೇರೆ ಕಟ್ಟಾಗಿಯೇ ಇಟ್ಟಿದೆ. ಪತ್ರ ಓದುವ ಮೊದಲು ಅದರ ತಾರೀಖು ನೋಡಿ, ಆ ಹುದ್ದೆಯ ಕಾನೂನು ಬಂದ ದಿನದ ಜೊತೆ ಹೋಲಿಸಿ. ಕಾನೂನಿಗೆ ಮೊದಲೇ ಬರೆದವನು ಏನನ್ನು ನಂಬಿ ಬರೆದ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಆಮೇಲೆ ಅವನ ಪರವಾಗಿ ಯಾರು ಬರೆದಿದ್ದಾರೆ ಎಂದು ಹುಡುಕಿ. ಕೊನೆಗೆ ಸೆನೆಟ್‌ಗೆ ಹೋದ ಹೆಸರುಗಳ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದೇ ಬಂದರನ್ನು ಆರಿಸಿ, ಅದಕ್ಕೆ ಬರೆದ ಎಲ್ಲರನ್ನೂ ಹಿಂಬಾಲಿಸಿದರೆ ಒಂದು ಒಳ್ಳೆಯ ಅಧ್ಯಾಯ ಸಿಗುತ್ತದೆ. ಸವಾನಾ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ, ಯಾಕೆಂದರೆ ಅಲ್ಲಿ ಸೋತವರ ಪರವಾದ ಮಾತನ್ನು ಅಧ್ಯಕ್ಷರೇ ಬರೆದಿಟ್ಟಿದ್ದಾರೆ.